ಸುತ್ತಿಟ್ಟ ಚಾಪೆ

ಈ ವಯಸ್ಸಿನಲ್ಲಿ ಕಿವಿ ಚುಚ್ಚಿಸಿಕೊಂಡರೆ ಗಾಯ ಬೇಗ ಮಾಯುವುದಿಲ್ಲವೆಂದು ದೇಶಪಾಂಡೆ ನಗರದ ಅಕ್ಕಸಾಲಿ ಮೊದಲೇ ಎಚ್ಚರಿಸಿದ್ದ. ಹಾಗಾಗಿ, ಸ್ನೇಹಿತರೇ, ಊದಿದ ಬಲಗಿವಿಗೆ ಕೊಬ್ಬರಿ ಎಣ್ಣೆ, ಅರಿಸಿನ ಮೆತ್ತಿಕೊಂಡು ಎಡಮಗ್ಗುಲಲ್ಲೇ ಮಲಗುವುದನ್ನು ಪ್ರ್ಯಾಕ್ಟೀಸ್ ಮಾಡುತ್ತಿದ್ದೇನೆ.

ನಾನು ಹುಟ್ಟಿ ಬೆಳೆದ ಕ್ರೈಸ್ತ ಸಭೆಯಲ್ಲಿ ಹೆಂಗಸರು ಒಡವೆ ಇಡುವಂತಿಲ್ಲ, ಹೂ ಮುಡಿಯುವಂತಿಲ್ಲ, ಹೊರಗಿನವರ ಸಮಾರಂಭಕ್ಕೆ ಕಾಲಿಡುವಂತಿಲ್ಲ. ನನ್ನನ್ನು ಕಾನ್ವೆಂಟಿಗೆ ಕಳಿಸಿದ್ದು ಇಂಗ್ಲಿಷಿನಲ್ಲಿ ಬೈಬಲ್ ಓದಲೆಂದು. ನಾನು ಲೈಬ್ರರಿಯ ಉಳಿದ ಕಪಾಟುಗಳನ್ನೂ ತೆರೆದೆನೆಂದು ತಿಳಿದೊಡನೆ ಶಾಲೆ ಬಿಡಿಸಿದರು. ಗಂಡ ತೀರಿಕೊಂಡ ಮೇಲೆ, ಹಿರಿಯರು ಬೇಡವೆಂದರೂ, ಬಿ.ಎ.ಗೆ ಹೆಸರು ಹಚ್ಚಿದೆ. ಓದುತ್ತಾ ಓದುತ್ತಾ ನಂಬಿಕೆ ಯಾವಾಗ ಸಡಿಲವಾಯಿತೋ ಹೇಳಲಾರೆ. ಒಂದು ಭಾನುವಾರ ಕಮರಿಪೇಟೆಯ ಪ್ರಾರ್ಥನಾ ಮನೆಗೆ ಹೋಗಲಿಲ್ಲ, ಆಮೇಲೆ ಹೋಗಲಾಗಲಿಲ್ಲ.

ಅಲ್ಲಿ ಪ್ರತಿ ಹೆಂಗಸಿಗೂ ಅವಳದೇ ಒಂದು ಚಾಪೆ. ಬಿಟ್ಟು ಹೋದವಳ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿಡುತ್ತಾರೆ. ತಿರುಗಿ ಬಂದು ಎಲ್ಲರೆದುರು ತಪ್ಪೊಪ್ಪಿಕೊಂಡರೆ ಹಾಸಿಕೊಡುತ್ತಾರೆ, ಬಾರಳೆಂದು ಖಾತ್ರಿಯಾದ ದಿನ ಬೇರೆಯವಳಿಗೆ ಕೊಡುತ್ತಾರೆ. ಚಾಪೆ ಹೋಯಿತೆಂದರೆ ಗಬ್ಬೂರಿನಾಚೆಯ ಸಭೆಯ ಸ್ಮಶಾನದಲ್ಲಿ ಜಾಗವೂ ಹೋಯಿತು. ಅಪ್ಪ, ಅವ್ವ, ಗಂಡ ಎಲ್ಲರೂ ಅಲ್ಲೇ ಇದ್ದಾರೆ. ನಂಬಿಕೆ ಹೋದವಳಿಗೆ ಮಣ್ಣಿನ ಚಿಂತೆ ಯಾಕೆ ಎಂದು ನೀವು ಕೇಳಬಹುದು. ನನ್ನನ್ನೇ ನಾನೂ ಕೇಳಿಕೊಳ್ಳುತ್ತೇನೆ, ಆದರೂ ಆ ಮಣ್ಣು ಬೇಕೆನಿಸುತ್ತದೆ.

ಇಷ್ಟು ದಿನ ಒಂದು ನೆಪವಿತ್ತು. "ಅಕ್ಕ ಓದಾಕತ್ತಾಳ, ಮುಗದ ಮ್ಯಾಲೆ ಬರ್ತಾಳ" ಎಂದು ತಂಗಿ ತಾರಾ ಹಿರಿಯರನ್ನು ತಡೆದು ನಿಲ್ಲಿಸಿದ್ದಳು. ನಾನೂ ಆ ಸುಳ್ಳಿನ ನೆರಳಿನಲ್ಲಿ ಹಾಯಾಗಿದ್ದೆ. ಈಗ ರಿಸಲ್ಟ್ ಬಂದಿದೆ, ಬರುವ ವಾರ ಘಟಿಕೋತ್ಸವ. ಕ್ಲಾಸಿನ ಹುಡುಗಿಯರಿಗೆ ಮುಂದೆ ನೌಕರಿಯ ಭಯ, ಮದುವೆಯ ಭಯ, "ಆಂಟಿ, ನಿಮಗೇನ್ರಿ ಟೆನ್ಷನ್ನು?" ಎಂದು ನಗುತ್ತಾರೆ. ಭವಿಷ್ಯ ಚಿಕ್ಕದಾದಷ್ಟೂ ಅದರ ಕತ್ತಲೆಯೂ ಚಿಕ್ಕದಾಗುತ್ತದೆಂದು ಆ ಮಕ್ಕಳು ತಿಳಿದಿರಬೇಕು.

ನಿನ್ನೆ ತಾರಾ ಬಂದಳು. ಸಭೆ ಬಿಟ್ಟವರ ಮನೆಯಲ್ಲಿ ಸಭೆಯವರು ನೀರೂ ಮುಟ್ಟುವುದಿಲ್ಲ. ತನ್ನ ಬಾಟಲಿ ಹಿಡಿದು ಹೊಸ್ತಿಲ ಮೇಲೆ ಕುಳಿತಳು.

"ಕಿವಿ ನೋಡು, ಬದನಿಕಾಯಿ ಆಗೇತಿ. ಈ ವಯಸ್ಸಿನಾಗ ಮದಲಗಿತ್ತಿ ಆಗಾಕ ಹೊಂಟೀಯೇನ?"

"ವರಾ ಸಿಕ್ಕರ ನಿನಗ ಮೊದಲ ಹೇಳ್ತೇನಿ."

ನಕ್ಕಳು. ಆಮೇಲೆ ತಲೆಯ ಮೇಲಿನ ಬಿಳಿ ಬಟ್ಟೆ ಸರಿಮಾಡಿಕೊಂಡು ಮೆಲ್ಲಗೆ ಅಂದಳು: "ಹಿರ್ಯಾರು ಕೇಳಾಕತ್ತಾರ ಅಕ್ಕಾ. ಓದು ಮುಗೀತಲಾ, ಚಾಪಿ ಹಾಸೂದೋ, ಕೊಡೂದೋ ಅಂತ. ನಾ ಏನ್ ಹೇಳ್ಲಿ?"

ಉತ್ತರವನ್ನು ಧೈರ್ಯದಿಂದ ಕೊಟ್ಟೆನೆಂದು ತಿಳಿಯಬೇಡಿ. ಬರುತ್ತೇನೆ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಒಪ್ಪಿಕೊಳ್ಳಲು ನನ್ನ ಬಳಿ ತಪ್ಪೇ ಇರಲಿಲ್ಲ.

"ಯಾರಿಗರ ಕೊಡ್ರಿ, ತಾರಾ. ನಾ ಬರಂಗಿಲ್ಲ."

ಅವಳು ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಎದ್ದು ಚಪ್ಪಲಿ ಮೆಟ್ಟುವಾಗ ಕೇಳಿದಳು: "ನಿನ್ನ ಘಟಿಕೋತ್ಸವಕ್ಕ ನಾ ಒಳಗ ಬರಾಕ ಆಗಂಗಿಲ್ಲ, ಗೊತ್ತೈತಲಾ. ಗೇಟಿನ ಹೊರಗ ನಿಂತ್ರ ನಿನ್ನ ಹೆಸರ ಕರಿಯೂದು ಕೇಳಸ್ತೈತೇನ?"

"ಮೈಕ್ ಇರ್ತೈತಿ," ಎಂದೆ.

ನನ್ನನ್ನು ಮಣ್ಣು ಮಾಡುವ ದಿನ ಅವಳು ಎಷ್ಟು ದೂರ ನಿಲ್ಲಬೇಕಾಗುತ್ತದೆ ಎಂದು ಕೇಳುವ ಧೈರ್ಯ ಬರಲಿಲ್ಲ.