ಸೊಸೆ ಎತ್ತದ ಹೆಸರು

ಲುಸಿಕಿಸಿಕಿ ಊರಿನ ನಮ್ಮ ಶಾಲೆಯಲ್ಲಿ ನೊಸಖೆಲೆ ಲೆಕ್ಕ ಕಲಿಸುತ್ತಿದ್ದಳು, ನಾನು ಭೂಗೋಳ. ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ, ಅವಳ ಪಾಠವೆಲ್ಲ ನನಗೂ ಕೇಳಿಸುತ್ತಿತ್ತು. ನೊಸಖೆಲೆ ಅನ್ನುವುದು ಮದುವೆಯಲ್ಲಿ ಮಾವನ ಮನೆಯವರಿಟ್ಟ ಹೆಸರು. ಹಳೆಯ ಹೆಸರೇನೆಂದು ಯಾರೂ ಕೇಳಲಿಲ್ಲ.

ನಮ್ಮಲ್ಲಿ ಸೊಸೆ ಮಾವನ ಹೆಸರೆತ್ತುವಂತಿಲ್ಲ. ಅವಳ ಮಾವನ ಹೆಸರು ಲಾಂಗಾ, ನಮ್ಮ ಭಾಷೆಯಲ್ಲಿ ಸೂರ್ಯ ಅಂತ. ಹಾಗಾಗಿ ಆಕಾಶದ ಸೂರ್ಯನನ್ನೂ ಅವಳು ಸುತ್ತಿಬಳಸಿಯೇ ಹೇಳಬೇಕಿತ್ತು.

ಆ ದಿನ ಲಿಮಿಟ್ ಪಾಠ. ಎಕ್ಸ್ ವರ್ಗದಲ್ಲಿ ಒಂದು ಕಳೆದು, ಅದನ್ನು ಎಕ್ಸ್‌ನಲ್ಲಿ ಒಂದು ಕಳೆದದ್ದರಿಂದ ಭಾಗಿಸಬೇಕು.

"ಎಕ್ಸ್ ಜಾಗದಲ್ಲಿ ಒಂದು ಹಾಕಿದ್ರೆ?"

"ಮೇಲೂ ಸೊನ್ನೆ, ಕೆಳಗೂ ಸೊನ್ನೆ, ಮಿಸ್. ಉತ್ತರಾನೇ ಇಲ್ಲ."

"ಇಲ್ಲ, ಆದ್ರೂ ಇದೆ."

ಅವಳು ಸೀಮೆಸುಣ್ಣ ಕೆಳಗಿಟ್ಟ ಸದ್ದು ಕೇಳಿಸಿತು.

"ನಮ್ಮ ಮಾವನ ಹೆಸರು ನನ್ನ ಬಾಯಲ್ಲಿ ಬರಲ್ಲ. ಬೆಳಗಿನ ಕಡೆಯಿಂದ ಬರ್ತೀನಿ, ಸಮುದ್ರದಿಂದ ಏಳ್ತಾನೆ. ಸಂಜೆ ಕಡೆಯಿಂದ ಬರ್ತೀನಿ, ಗುಡ್ಡದ ಹಿಂದೆ ಇಳೀತಾನೆ. ಯಾರು?"

"ಲಾಂಗಾ," ಅಂದಿತು ಇಡೀ ತರಗತಿ.

"ನಾನು ಹೇಳಿದ್ನಾ? ಇಲ್ಲ. ನಿಮಗೆ ಗೊತ್ತಾಯ್ತು. ಈಗ ಒಂದಕ್ಕಿಂತ ಚೂರು ಕಮ್ಮಿ ಹಾಕಿ, ಚೂರು ಜಾಸ್ತಿ ಹಾಕಿ. ಎರಡೂ ಕಡೆಯಿಂದ ಉತ್ತರ ಎರಡರ ಹತ್ರಾನೇ ಬರುತ್ತೆ. ಅದೇ ಲಿಮಿಟ್."

ಇಷ್ಟು ಸಲೀಸಾಗಿ ಅದನ್ನು ಹೇಳಿದವರನ್ನು ನಾನು ಕಂಡಿಲ್ಲ. ಆದರೆ ಮಕ್ಕಳ ಬಾಯಿಗೆ ಬೀಗ ಹಾಕುವವರು ಯಾರು? ಸಂಜೆ ಅವಳ ಮುದಿ ಮಾವನ ದನದ ದೊಡ್ಡಿಯ ಮುಂದೆ "ಲಾಂಗಾ ಲಿಮಿಟ್, ಲಾಂಗಾ ಲಿಮಿಟ್" ಎಂದು ಹಾಡುತ್ತಾ ಹೋದರು.

ದೊಡ್ಡಿಯ ಬಳಿ ಹಿರಿಯರು ಸೇರಿದರು. ಸೊಸೆಯಂದಿರು ಅಲ್ಲಿಗೆ ಕಾಲಿಡುವಂತಿಲ್ಲ. ಅವಳು ಬೇಲಿಯಾಚೆ ನಿಂತು, "ಮಾವ, ನಾನು ಹೆಸರು ಹೇಳಿಲ್ಲ," ಅಂದಳು.

"ಹೇಳಲಿಲ್ಲ," ಅಂದ ಮುದುಕ. "ಎಷ್ಟು ಹತ್ರ ಬಂದೆ ಅಂದ್ರೆ, ಮಿಕ್ಕಿದ್ದನ್ನ ಊರ ಮಕ್ಕಳು ಹೇಳಿದ್ವು."

ಪಾಠ ಅವನಿಗೂ ಅರ್ಥವಾಗಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ. ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು.

"ಮಕ್ಕಳಿಗೆ ಪರೀಕ್ಷೆ ಇದೆ, ಹಿರಿಯರೇ," ಅಂದೆ.

"ನಿನ್ನ ಹೆಂಡ್ತಿ ನಿಮ್ಮಪ್ಪನ್ನ ಬೋರ್ಡಿಗೆ ಹತ್ತಿಸಲಿ, ಆಮೇಲೆ ಮಾತಾಡುವಂತೆ," ಅಂದ ಮುದುಕ.

ಎಲ್ಲರೂ ನಕ್ಕರು. ಅವಳ ಗಂಡ ಬಿಯರ್ ಮಡಕೆಯೊಳಗೆ ಏನೋ ಕಳೆದುಕೊಂಡವನ ಹಾಗೆ ಇಣುಕುತ್ತಾ ಕೂತಿದ್ದ. ತವರಿನಿಂದ ಒಂದು ಕುರಿ ತಂದು ತಪ್ಪೊಪ್ಪಿಕೊಳ್ಳಬೇಕು, ಶಾಲೆ ಬಿಡಬೇಕು ಎಂದಾಯಿತು. ಅವಳು ಎರಡನ್ನೂ ಮಾಡಿದಳು.

ಈಗ ಸೌದೆ ಹೊತ್ತು ಬರುವಾಗ ಶಾಲೆಯ ಗೇಟಿನ ಹತ್ತಿರ ನಿಲ್ಲುತ್ತಾಳೆ.

"ಒಳಗೆ ಬಾರಮ್ಮ," ಅಂದೆ ಮೊನ್ನೆ.

"ಇಲ್ಲಿಗೇ ಕೇಳಿಸುತ್ತೆ."

ಹೊಸ ಮೇಷ್ಟ್ರು ಅದೇ ಲೆಕ್ಕ ಮಾಡಿಸುತ್ತಿದ್ದರು. "ಒಂದು ಹಾಕಿದ್ರೆ ಉತ್ತರ ಇಲ್ಲ. ಆದ್ದರಿಂದ ಲಿಮಿಟ್ಟೂ ಇಲ್ಲ. ಬರ್ಕೊಳ್ಳಿ."

ಅವಳ ತುಟಿ ಅಲುಗಿತು. ಸೌದೆ ಹೊರೆಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಮನೆಯ ಕಡೆ ನಡೆದಳು. ಒಳಗೆ ಮಕ್ಕಳು ಬರೆದುಕೊಳ್ಳುತ್ತಿದ್ದರು.