ಬೇಡ ಅನ್ನುವ ಕೆಲಸ

ಪುಷ್ಪಾ ಹುಟ್ಟಿದ್ದು ಸೊಕ್ಕೆಯ ಕುರಿ ಸಾಕುವ ಮನೆಯಲ್ಲಿ. ಮದುವೆಯಾಗಿ ಜಗಳೂರಿಗೆ ಬಂದ ಮೇಲೆ ಕುರಿ ಹೋಗಿ ಹೊಲಿಗೆ ಮಿಷನ್ನು ಬಂತು. ಗಂಡ ಮಾರುತಿ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ. ಮಗಳು ರಕ್ಷಾ ಮೂರನೇ ಕ್ಲಾಸು. ಹೇಳಿಕೊಳ್ಳುವಂಥ ಜಗಳವೇನೂ ಆ ಮನೆಯಲ್ಲಿರಲಿಲ್ಲ, ಶಾಲೆಯ ಗೇಟಿಗೆ ಆ ವ್ಯಾನು ಬರುವ ತನಕ.

ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಬರ್ಗರ್ ಅಂಗಡಿಯಾಗಿತ್ತು. ಶಾಲೆ ಬಿಡುವ ಹೊತ್ತಿಗೆ ಅವರ ವ್ಯಾನು ಹಾಡು ಹಾಕಿಕೊಂಡು ಗೇಟಿಗೆ ಅಡ್ಡ ನಿಂತು, ಮಕ್ಕಳಿಗೆಲ್ಲ ರಟ್ಟಿನ ಕಿರೀಟ ಹಂಚುತ್ತಿತ್ತು. ಅಪ್ಪ ಅಮ್ಮನನ್ನು ಅಂಗಡಿಗೆ ಕರೆದೊಯ್ದಾಗಲೆಲ್ಲ ಕಿರೀಟಕ್ಕೊಂದು ನಕ್ಷತ್ರ. ಕಿರೀಟ ತುಂಬಿದವರ ಫೋಟೊ ಅಂಗಡಿಯ ಗೋಡೆಗೆ. ರಕ್ಷಾಳ ಕಿರೀಟ ತುಂಬುವ ಹಾಗೆ ಕಾಣಲಿಲ್ಲ. "ನಿಮ್ಮಮ್ಮ ಜಿಪುಣಿ" ಎಂದು ಗೆಳತಿಯರು ಅಂದದ್ದನ್ನು ಅವಳು ಅಳುತ್ತಾ ಮನೆಗೆ ಹೊತ್ತು ತಂದಳು.

ಭಾನುವಾರ ಮಾರುತಿ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಆ ಅಂಗಡಿಗೆ ಹೋಗಿಬಿಡುತ್ತಿದ್ದ. "ಕೂಸು ಆಸೆಪಟ್ಟೈತೆ, ಬಿಡೇ." ಉಳಿದ ದಿನವೆಲ್ಲ ಬೇಡ ಎನ್ನುವುದು ಪುಷ್ಪಾಳ ಪಾಲು. ರೊಟ್ಟಿಯ ತಟ್ಟೆ ಹಿಡಿದು ಮುನಿದವಳ ಹಿಂದೆ ಸುತ್ತುವುದೂ ಅವಳೇ, ಸೋಮವಾರದ ಹೊಟ್ಟೆನೋವಿಗೆ ಓಮಿನ ನೀರು ಕುದಿಸುವುದೂ ಅವಳೇ. ಅನ್ನ ಮಾಡಿದರೆ ತೊಳೆಯುವ ಪಾತ್ರೆಯಾದರೂ ಕಾಣುತ್ತದೆ. ಬೇಡ ಎಂದದ್ದು ಯಾರ ಕಣ್ಣಿಗೂ ಕೆಲಸವಾಗಿ ಕಾಣುವುದಿಲ್ಲ. ಅಪ್ಪ ಒಳ್ಳೆಯವನಾದ, ಅಮ್ಮ ಕೆಟ್ಟವಳಾದಳು. ಕೊನೆಗೆ ಮಗಳು ಅವಳ ಹತ್ತಿರ ಮಾತನ್ನೇ ಬಿಟ್ಟಳು. ಅದೊಂದನ್ನು ಪುಷ್ಪಾಗೆ ತಡೆದುಕೊಳ್ಳಲಾಗಲಿಲ್ಲ.

ಒಂದು ಸಂಜೆ ಗೇಟಿನಿಂದ ಮಕ್ಕಳು ವ್ಯಾನಿನತ್ತ ನುಗ್ಗಿದ್ದನ್ನು ನೋಡಿದಾಗ ಅವಳಿಗೆ ಅಪ್ಪನ ಕುರಿಹಿಂಡು ನೆನಪಾಯಿತು. ದಾರಿ ಪಕ್ಕ ಹಸಿರು ಜೋಳವಿದ್ದರೆ ಅಪ್ಪ ಕುರಿಗೆ ಹೊಡೆಯುತ್ತಿರಲಿಲ್ಲ. ಹೊಲದ ಬದುವಿನ ಮೇಲೆ ತಾನು ಹೋಗಿ ನಿಲ್ಲುತ್ತಿದ್ದ. ತಾನಿಷ್ಟು ದಿನ ನಿಂತದ್ದು ತಪ್ಪು ಜಾಗದಲ್ಲಿ!

ಆಗ ಬಿತ್ತನೆಯ ಕಾಲ, ಮನೆಮನೆಯಲ್ಲೂ ಬೀಜದ ಶೇಂಗಾ ಸುಲಿಯುವ ಕೆಲಸ. ಓಣಿಯ ಹೆಂಗಸರಿಗೆ ಅವಳು ಹೇಳಿದಳು: "ಹೆಂಗೂ ಸುಲೀಬೇಕಲ್ಲ, ಗೇಟಿನ ಹತ್ರ ಕೂತು ಸುಲಿಯಾನ ಬರ್ರಿ."

ಮರುದಿನ ವ್ಯಾನು ಬಂದಾಗ ಅದು ನಿಲ್ಲುವ ಜಾಗದ ತುಂಬ ಮೊರ, ಚೀಲ, ಹೆಂಗಸರು. ವ್ಯಾನಿನವನು ಇಳಿದು ಬಂದ. "ಅಕ್ಕಾ, ಸ್ವಲ್ಪ ಸರಕೊಳ್ರಿ."

"ಯಾಕಪ್ಪಾ, ಈ ಜಾಗ ನಿನಗೆ ಮಾವನ ಮನೆಯೋರು ಕೊಟ್ಟಾರೇನು?" ಎಂದಳು ಪಕ್ಕದ ಮನೆಯ ಕಸ್ತೂರಮ್ಮ.

"ನಾವೇನು ಒತ್ತಾಯ ಮಾಡ್ತೀವಾ? ಮಕ್ಕಳಿಗೆ ನೀವು ಬೇಡ ಅಂದ್ರೆ ಮುಗೀತು."

ಪುಷ್ಪಾ ತಲೆಯೆತ್ತಿದಳು. "ಹಂಗಾರೆ ಇವತ್ತು ನೀವೇ ಅನ್ರಿ. ನಮಗೆ ಅಂದು ಅಂದು ಬಾಯಿ ಒಣಗೈತೆ."

ಅಷ್ಟರಲ್ಲಿ ಗಂಟೆ ಹೊಡೆಯಿತು. ಕಿರೀಟ ಕೇಳಿದ ಮಕ್ಕಳಿಗೆಲ್ಲ ತಾಯಂದಿರು ಅವನತ್ತ ಬೆರಳು ತೋರಿಸಿದರು: "ಮಾಮನ್ನ ಕೇಳ್ರಿ." ವ್ಯಾನು ದೂರ ನಿಂತಿತ್ತು, ಕಿರೀಟ ಅದರೊಳಗಿತ್ತು. "ಇಲ್ಲ ಪುಟ್ಟಾ, ಇವತ್ತಿಲ್ಲ" ಎನ್ನುತ್ತಾ ಅವನು ಬೆವರಿಹೋದ. ಒಬ್ಬಳು ಅವನ ಅಂಗಿ ಹಿಡಿದು ಅತ್ತಳು, ಇನ್ನೊಬ್ಬ ನೆಲಕ್ಕೆ ಬಿದ್ದು ಹೊರಳಿದ. ಹೆಂಗಸರು ಶೇಂಗಾ ಸುಲಿಯುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸುದ್ದಿ ಕೇಳಿ ಮಾರುತಿ ಬೈಕಿನಲ್ಲಿ ಧಾವಿಸಿ ಬಂದ. "ಸಾರ್, ನಿಮ್ಮ ಮನೆಯೋರಿಗೆ ನೀವಾದ್ರೂ ಹೇಳ್ರಿ" ಎಂದು ವ್ಯಾನಿನವನು ಅಂಗಲಾಚಿದ. ಮಾರುತಿ ಬಾಯಿ ತೆರೆಯುವುದರೊಳಗೆ ಪುಷ್ಪಾ ಅವನ ಕೈಗೊಂದು ಮೊರ ಕೊಟ್ಟಳು. "ಕೂತ್ಕೊಳ್ರಿ. ಮಾತಾಡ್ತಾ ಸುಲೀಬಹುದು." ಅಷ್ಟು ಹೆಂಗಸರ ಎದುರು ನಿಂತೇ ಇರುವುದು ಅವನಿಂದಾಗಲಿಲ್ಲ. ಕೂತ. ಮಕ್ಕಳ ಮಧ್ಯೆ ಸಿಕ್ಕಿದ ಆ ಮನುಷ್ಯನ ಮುಖವನ್ನು ಬಹಳ ಹೊತ್ತು ನೋಡಿದ.

ಬಿತ್ತನೆ ಮುಗಿಯುವ ಮೊದಲೇ ವ್ಯಾನು ಗೇಟಿಗೆ ಬರುವುದು ನಿಂತಿತು. ಅಂಗಡಿಯೇನೋ ಇದ್ದಲ್ಲೇ ಇತ್ತು. ಭಾನುವಾರ ರಕ್ಷಾ ಕಿರೀಟ ತೊಟ್ಟು ಬಂದು ಮಿಷನ್ನಿನ ಮುಂದೆ ನಿಂತಳು.

"ನಿಮ್ಮಪ್ಪನ್ನ ಕೇಳು" ಎಂದಳು ಪುಷ್ಪಾ, ಹೊಲಿಗೆಯಿಂದ ಕಣ್ಣು ತೆಗೆಯದೆ.

ಮಾರುತಿ ಹೆಂಡತಿಯತ್ತ ನೋಡಿದ. ಅವಳು ನೋಡಲಿಲ್ಲ. ಕೊನೆಗೆ ಅವನೇ ಅಂದ: "ಬೇಡ ಮಗಳೇ."

"ಅಪ್ಪ ಕೆಟ್ಟೋನು!" ಕಿರೀಟ ಮೂಲೆಗೆ ಹಾರಿತು. ರಕ್ಷಾ ಓಡಿಬಂದು ಅಮ್ಮನ ತೊಡೆಯಲ್ಲಿ ಮುಖ ಹುದುಗಿಸಿ ದೂರು ಹೇಳತೊಡಗಿದಳು. ಎಷ್ಟೋ ದಿನದ ಮೇಲಿನ ಮಾತು. ಪುಷ್ಪಾ ಒಂದು ಕೈಯಿಂದ ಅವಳ ತಲೆ ಸವರಿದಳು.

"ರೀ, ರೊಟ್ಟಿ ಬಿಸಿ ಐತೆ. ತಟ್ಟೆ ಹಿಡ್ಕೊಂಡು ನೀವೇ ಸುತ್ರಿ ಇವತ್ತು."

ಮಾರುತಿ ತಟ್ಟೆ ತರಲು ಎದ್ದ. ಮಿಷನ್ನು ಗಡಗಡನೆ ಓಡಿತು.