ಕಾಕೂ ತಟ್ಟಿದ ಚಪ್ಪಾಳೆ

ಹೈದರಾಬಾದ್ ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಆ ದಿನಗಳ ಮಾತು ಬಂದರೆ ನಮ್ಮ ಮನೆಯವರು ಹೇಳುವುದು ಒಂದೇ: ಚರ್ಚಾಸ್ಪರ್ಧೆಯಲ್ಲಿ ಅಕ್ಕನ ಎದುರು ಸೋತು ನಾನು ಅತ್ತೆನಂತೆ. ಅತ್ತದ್ದು ನಿಜ. ಕಾರಣ ಸುಳ್ಳು.

ಅಲ್ಲಿನ ಮೆಹದಿಪಟ್ಟಣಂನಲ್ಲಿ ನಮ್ಮ ಪಕ್ಕದ ಮನೆಯೇ ಕಾಕೂದು. ಕಾಕೂ ಅಂದರೆ ಚಿಕ್ಕಮ್ಮ, ಆದರೆ ಸಂಬಂಧಿಕರಲ್ಲ, ನಮ್ಮ ಹಾಗೆ ಬೀದರಿನ ಕಡೆಯವರು, ಅಷ್ಟೇ. ಅವರ ಗಂಡ ಒಬ್ಬ ರಾಜಕಾರಣಿಯ ಕಾರು ಓಡಿಸುತ್ತಿದ್ದರು. ಆ ರಾಜಕಾರಣಿಯನ್ನು ಕೊಂದವರು ಇವರನ್ನೂ ಬಿಡಲಿಲ್ಲ. ಪತ್ರಿಕೆಯಲ್ಲಿ ರಾಜಕಾರಣಿಯ ಫೋಟೊ ಬಂತು. ಇವರ ಹೆಸರೂ ಇಲ್ಲ, ‘ಚಾಲಕ’ ಅಷ್ಟೇ. ಕಾಕೂ ಇದನ್ನು ಬಾಯಿಬಿಟ್ಟು ಹೇಳಿಕೊಂಡದ್ದು ನನ್ನೊಬ್ಬಳ ಮುಂದೆ, ಶೇಂಗಾ ಹುರಿಯುತ್ತಾ. ಅಕ್ಕನಿಗೆ ಅಪ್ಪ ಇದ್ದ, ಬಹುಮಾನಗಳಿದ್ದವು, ಉದ್ದ ಜಡೆಯಿತ್ತು. ನನಗೆ ಕಾಕೂ ಇದ್ದರು, ಅವರ ಅಡುಗೆಮನೆಯ ಆ ಘಮ ಇತ್ತು.

ಆ ವರ್ಷ ಕನ್ನಡ ಸಂಘದವರು ಕೊಟ್ಟ ವಿಷಯ: ‘ರಾಜಕೀಯ ಹತ್ಯೆಗೆ ಎಂದಾದರೂ ಸಮರ್ಥನೆ ಇದೆಯೇ?’ ಚೀಟಿ ಎತ್ತಿದೆವು. ಅಕ್ಕನಿಗೆ ‘ಇದೆ’, ನನಗೆ ‘ಇಲ್ಲ’. ಚಾಲಕನ ಕತೆ ನನ್ನ ಕೈಯಲ್ಲಿದೆ, ಈ ಸಲ ಗೆದ್ದೆ ಎಂದುಕೊಂಡೆ. ಅವ್ವ ಅದಕ್ಕೇ ಕಲ್ಲು ಹಾಕಿದಳು.

“ಕಾಕೂನ ಗಂಡನ ಸುದ್ದಿ ಸ್ಟೇಜಿಗೆ ತರಬ್ಯಾಡ. ಆಕಿ ಮುಂದ ಕುಂತಿರ್ತಾಳ.”

“ಅಕ್ಕ ಕೊಲ್ಲೂದು ಸರಿ ಅಂತಾಳಲ್ಲ, ಅದು ನಡೀತೈತೇನು?”

“ಆಕಿಗೆ ಚೀಟಿ ಹಂಗ ಬಂದೈತಿ. ಸುಮ್ನಿರು, ವಕೀಲಿ ಮಾಡಬ್ಯಾಡ!”

ನಮ್ಮ ಸಂಘದಲ್ಲಿ ತೀರ್ಪುಗಾರರು ಇರುತ್ತಿರಲಿಲ್ಲ. ಯಾರನ್ನು ಕೂರಿಸಿದರೂ ಯಾವುದೋ ಸ್ಪರ್ಧಿಯ ಸೋದರಮಾವನೇ ಆಗಿರುತ್ತಿದ್ದ. ಹಾಗಾಗಿ ಸಭಿಕರ ಚಪ್ಪಾಳೆಯೇ ತೀರ್ಪು. ಒಬ್ಬರು ಒಂದೇ ಕಡೆಗೆ ತಟ್ಟಬೇಕು.

“ಕೊಂದವನೇ ನ್ಯಾಯಾಧೀಶನಾದರೆ ಅಪೀಲು ಹೋಗುವುದೆಲ್ಲಿಗೆ?” ಎಂದೆ ನಾನು.

ಅಕ್ಕ ಜಡೆ ಹಿಂದಕ್ಕೆಸೆದಳು. “ಕೋರ್ಟು, ಚುನಾವಣೆ, ಪತ್ರಿಕೆ ಎಲ್ಲ ಮುಚ್ಚಿಸಿದವನ ರಾಜ್ಯದಲ್ಲಿ ಜನ ಯಾವ ಅಪೀಲು ಹಾಕಬೇಕು?”

ಒಳ್ಳೆಯ ಮಾತು. ಈಗ ಒಪ್ಪುತ್ತೇನೆ. ಆಗ ಮಾತ್ರ ಹೊಟ್ಟೆ ಉರಿಯಿತು. ನನ್ನ ಬಳಿ ಇದ್ದ ಒಂದೇ ಉತ್ತರ ಮೊದಲ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು ಕೂತಿತ್ತು. ಚಾಲಕನ ಕತೆ ತೆಗೆಯದೆ ಹೋಗಿ ನನ್ನ ಜಾಗದಲ್ಲಿ ಕೂತೆ.

ನನ್ನ ಚಪ್ಪಾಳೆಯ ಸರದಿಯಲ್ಲಿ ಕಾಕೂನ ಕೈಗಳು ಮಡಿಲಲ್ಲೇ ಇದ್ದವು. ಅಕ್ಕನ ಸರದಿಗೆ ಎಲ್ಲರಿಗಿಂತ ಮೊದಲು ತಟ್ಟಿದವರು ಅವರೇ. ಹೊರಗೆ ಅಕ್ಕನ ಗದ್ದ ಹಿಡಿದು, “ಭಾಳ ಚಂದ ಮಾತಾಡಿದಿ, ನನ ರಾಣಿ” ಅಂದರು. ನಾನು ಅತ್ತದ್ದು ಅದಕ್ಕೆ.

ಈಗ ಅಕ್ಕ ಯಾರೊಡನೆಯೂ ವಾದಕ್ಕಿಳಿಯುವುದಿಲ್ಲ. ಫೋನಿನಲ್ಲಿ ಏನೇ ಕೆಣಕಿದರೂ “ನೀ ಅಂದದ್ದೇ ಖರೆ” ಎಂದು ಮುಗಿಸುತ್ತಾಳೆ. ಜಿದ್ದಿಗೆ ಬೀಳಲು ನನಗೆ ಯಾರೂ ಉಳಿದಿಲ್ಲ. ಹೊಟ್ಟೆಕಿಚ್ಚು ಮಾತ್ರ ಉಳಿದಿದೆ. ಹೋದ ತಿಂಗಳು ಬೀದರಿಗೆ ಹೋದಾಗ, ಈಗ ಅಲ್ಲೇ ಇರುವ ಕಾಕೂನನ್ನು ಕೇಳಿಯೇಬಿಟ್ಟೆ:

“ಕಾಕೂ, ಅವತ್ತು ನೀವು ಚಪ್ಪಾಳಿ ತಟ್ಟಿದ್ದು ಅಕ್ಕನ ಮಾತಿಗೋ, ಅಕ್ಕನಿಗೋ?”